ಟೀಚರ್ ‘ಇದು ಉರ್ದು ಅಲ್ಲ’ ಅಂದರು, ಮಗ ಕ್ಲಾಸಿಗೆ ಹೋಗಲ್ಲ ಅಂತಾನೆ

ಪ್ರಶ್ನೆ: ನಾವು ಹುಬ್ಬಳ್ಳಿ ಕಡೆಯವರು. ನಾಲ್ಕು ವರ್ಷದಿಂದ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಇದ್ದೇವೆ. ಮನೆಯಲ್ಲಿ ಮಾತಾಡೋದು ನಮ್ಮ ದಖನಿ ಉರ್ದು. ಆದರೆ ನಾನು ಓದಿದ್ದು ಕನ್ನಡ ಮೀಡಿಯಂ. ಉರ್ದು ಓದೋಕೆ, ಬರೆಯೋಕೆ ನನಗೆ ಬರೋದಿಲ್ಲ. ಮಗನಿಗೆ 10 ವರ್ಷ, ಮಗಳಿಗೆ 6. ಮಗನನ್ನು ಶನಿವಾರದ ಉರ್ದು ಕ್ಲಾಸಿಗೆ ಸೇರಿಸಿದ್ದೆ. ಅವನು ಬಾಯಿ ಬಿಟ್ಟ ಕೂಡಲೇ ಟೀಚರ್ ‘ಇದು ಉರ್ದು ಅಲ್ಲ’ ಅಂದರಂತೆ. ಮಕ್ಕಳೆಲ್ಲ ನಕ್ಕರಂತೆ. ಈಗ ಹೋಗಲ್ಲ ಅಂತ ಹಟ ಹಿಡಿದಿದ್ದಾನೆ. ಅತ್ತ ಸ್ಕೂಲಿನವರು ‘ಮನೆಯಲ್ಲಿ ಇಂಗ್ಲಿಷ್ ಜಾಸ್ತಿ ಮಾತಾಡಿ’ ಅಂತಾರೆ. ಯಾರ ಮಾತು ಕೇಳಲಿ? ಕನ್ನಡವನ್ನೂ ಕಲಿಸಬೇಕು ಅನ್ನೋ ಆಸೆ ಇತ್ತು. ಅದನ್ನು ಬಿಟ್ಟೇ ಬಿಡಲಾ?

ಉತ್ತರ: ನಿಮ್ಮ ಮಗ ತಪ್ಪೇನೂ ಮಾತಾಡಿಲ್ಲ. ಇದನ್ನು ಇವತ್ತೇ ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿ. ಮಿಕ್ಕಿದ್ದೆಲ್ಲ ಆಮೇಲೆ.

ಇಂಗ್ಲೆಂಡಿನ ಉತ್ತರದ ಊರುಗಳಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ನಾನು ಉರ್ದು ಕಲಿಸಿದ್ದೇನೆ, ಉರ್ದು ಟೀಚರುಗಳಿಗೆ ತರಬೇತಿ ಕೊಟ್ಟಿದ್ದೇನೆ. ನನ್ನ ಮನೆಮಾತೂ ದಖನಿಯೇ, ವಿಜಯಪುರದ್ದು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಸ್ಟಾಫ್ ರೂಮಿನಲ್ಲಿ ‘ಯಾಕೆ’ ಅನ್ನೋದಕ್ಕೆ ನಮ್ಮ ದಖನಿಯ ‘ಕಾಯ್ಕು’ ಅಂದಿದ್ದಕ್ಕೆ ಹಿರಿಯ ಟೀಚರ್ ಒಬ್ಬರು ಹುಬ್ಬೇರಿಸಿದ್ದು ಇನ್ನೂ ನೆನಪಿದೆ. ದೊಡ್ಡವಳಾದ ನನಗೇ ಅವತ್ತು ಮುಖ ಬಿಸಿಯಾಗಿತ್ತು. ಹತ್ತು ವರ್ಷದ ಹುಡುಗನಿಗೆ ಎಷ್ಟು ನೋವಾಗಿರಬೇಡ!

ಅವನಿಗೆ ಹೇಳೋಕೆ ನಿಮ್ಮ ಹತ್ತಿರ ಒಳ್ಳೆ ವಿಷಯಗಳಿವೆ. ದಖನಿ ಅಂದರೆ ಕೆಟ್ಟುಹೋದ ಉರ್ದು ಅಲ್ಲ, ಉರ್ದುವಿನ ಹಿರಿಯಕ್ಕ. ದೆಹಲಿಯ ಕವಿಗಳು ಪಾರಸಿಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಬಿಜಾಪುರ, ಗೋಲ್ಕೊಂಡದ ದರ್ಬಾರುಗಳಲ್ಲಿ ದಖನಿ ಕಾವ್ಯ ಮೆರೆಯುತ್ತಿತ್ತು. ಬಿಜಾಪುರದ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್ ಶಾಹ ಸ್ವತಃ ದಖನಿಯಲ್ಲಿ ಹಾಡು ಕಟ್ಟಿದವನು. 1700ರ ಹೊತ್ತಿಗೆ ವಲಿ ದಖನಿ ಅನ್ನೋ ಕವಿ ದಕ್ಷಿಣದಿಂದ ದೆಹಲಿಗೆ ಹೋದ. ಅವನ ಗಜಲುಗಳನ್ನು ಕೇಳಿದ ಮೇಲೆ ಅಲ್ಲಿನ ಕವಿಗಳಿಗೂ ಜನರ ಮಾತಿನಲ್ಲಿ ಬರೆಯುವ ಧೈರ್ಯ ಬಂತು. ನಿಮ್ಮ ಮಗನ ಬಾಯಲ್ಲಿರೋದು ಆ ಮನೆತನದ ಮಾತು.

ಇನ್ನು ಅವತ್ತು ನಕ್ಕ ಮಕ್ಕಳ ವಿಷಯ. ಬ್ರಾಡ್‌ಫರ್ಡ್‌ನ ಶನಿವಾರದ ಕ್ಲಾಸಿನಲ್ಲಿ ಕೂರುವ ಮಕ್ಕಳಲ್ಲಿ ಹೆಚ್ಚಿನವರ ಮನೆಯಲ್ಲೂ ಉರ್ದು ಇಲ್ಲ! ಅಲ್ಲಿನ ಪಾಕಿಸ್ತಾನಿ ಕುಟುಂಬಗಳಲ್ಲಿ ಬಹಳಷ್ಟು ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ಮೀರ್‌ಪುರದ ಕಡೆಯಿಂದ ಬಂದವು. 1960ರ ದಶಕದಲ್ಲಿ ಅಲ್ಲಿ ಮಂಗ್ಲಾ ಅಣೆಕಟ್ಟು ಕಟ್ಟಿದಾಗ ಲಕ್ಷದಷ್ಟು ಜನ ಮನೆ ಹೊಲ ಕಳೆದುಕೊಂಡರು. ಅವರಲ್ಲಿ ಅನೇಕರು ಇಂಗ್ಲೆಂಡಿಗೆ ಬಂದು ಬ್ರಾಡ್‌ಫರ್ಡ್‌ನ ಉಣ್ಣೆ ಗಿರಣಿಗಳಲ್ಲಿ ರಾತ್ರಿ ಪಾಳಿಗೆ ನಿಂತರು. ಮುಳುಗಡೆ ಅಂದರೆ ಏನು ಅಂತ ಆಲಮಟ್ಟಿ ಸೀಮೆಯ ನಮಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಅವರ ಮನೆಮಾತು ಪಹಾಡಿ, ಮೀರ್‌ಪುರಿ ಅಂತಲೂ ಕರೆಯುತ್ತಾರೆ. ಉರ್ದು ಅವರಿಗೆ ಸ್ಕೂಲಿನ ಮಾತು, ಪೇಪರಿನ ಮಾತು, ಮರ್ಯಾದೆಯ ಮಾತು. ‘ನಿಮ್ಮ ಮಾತೃಭಾಷೆ ಯಾವುದು’ ಅಂದರೆ ಎಷ್ಟೋ ಜನ ಉರ್ದು ಅಂತಲೇ ಹೇಳುತ್ತಾರೆ, ಮನೆಗೆ ಹೋಗಿ ಅಮ್ಮನ ಹತ್ತಿರ ಬೇರೆಯದೇ ಮಾತಾಡುತ್ತಾರೆ. ಅವತ್ತು ನಕ್ಕವರಲ್ಲಿ ಅರ್ಧಕ್ಕರ್ಧ ಮಕ್ಕಳು ತಾವೂ ಇದೇ ಮಾತು ಕೇಳಿಸಿಕೊಂಡಿರುತ್ತಾರೆ. ನಗು ತಮ್ಮಿಂದ ಬೇರೆಯವನ ಕಡೆ ತಿರುಗಿತಲ್ಲ ಅಂತ ನಿರಾಳವಾಗಿ ನಕ್ಕಿರುತ್ತಾರೆ, ಅಷ್ಟೇ.

ಲಂಡನ್ನಿನ ಬಂಗಾಳಿ ಕ್ಲಾಸುಗಳಲ್ಲೂ ಇದೇ ಕತೆ. ಕಲಿಸೋದು ಪುಸ್ತಕದ ಬಂಗಾಳಿ, ಮಕ್ಕಳ ಮನೆಯಲ್ಲಿರೋದು ಸಿಲ್ಹೆಟಿ. ನಮ್ಮಲ್ಲೇ ನೋಡಿ. ಧಾರವಾಡದ ಹುಡುಗ ‘ಬರ್ತೇನ್ರೀ ಸರ್’ ಅಂದರೆ ಇದು ಕನ್ನಡ ಅಲ್ಲ ಅಂತ ಯಾವ ಮೇಷ್ಟ್ರೂ ಹೇಳಲ್ಲ. ಪುಸ್ತಕದಲ್ಲಿ ‘ಬರುತ್ತೇನೆ’ ಅಂತ ಇರುತ್ತದೆ, ಅದನ್ನೂ ಕಲಿಯುತ್ತಾನೆ. ಎರಡೂ ಅವನಿಗೆ ಉಳಿಯುತ್ತವೆ.

ಕ್ಲಾಸಿನಲ್ಲಿ ನಾನು ಏನು ಮಾಡುತ್ತಿದ್ದೆ ಅಂತ ಹೇಳುತ್ತೇನೆ. ಬೋರ್ಡಿನ ಮೇಲೆ ಮೂರು ಸಾಲು ಎಳೆಯುತ್ತಿದ್ದೆ. ಮೊದಲನೆಯದು ‘ನಮ್ಮ ಮನೆ’, ಎರಡನೆಯದು ‘ಪುಸ್ತಕ’, ಮೂರನೆಯದು ‘ಇಂಗ್ಲಿಷ್’. ಒಂದು ಮಾತು ಕೊಟ್ಟರೆ ಪ್ರತಿ ಮಗುವೂ ತನ್ನ ಮನೆಯದನ್ನು ಹೇಳಬೇಕು. ಒಮ್ಮೆ ‘ಬೇಡ’ ಅನ್ನೋದಕ್ಕೆ ಹೈದರಾಬಾದಿನ ಕುಟುಂಬದ ಹುಡುಗಿ ‘ನಕ್ಕೋ’ ಅಂದಳು. ಎಲ್ಲರೂ ನಕ್ಕರು. ‘ನಕ್ಕೋ ಎಲ್ಲಿಂದ ಬಂತು ಗೊತ್ತಾ? ಮರಾಠಿಯಿಂದ. ಇವಳ ಒಂದು ಮಾತಿನಲ್ಲಿ ಎರಡು ರಾಜ್ಯ ಇವೆ’ ಅಂತ ಹೇಳಿ ಭೂಪಟ ತೆಗೆದೆ. ಆಮೇಲೆ ‘ನಿಧಾನ’ ಅನ್ನೋದಕ್ಕೆ ಅವಳು ‘ಹಲ್ಲು’ ಅಂದಾಗ ಯಾರೂ ನಗಲಿಲ್ಲ. ‘ಅದು ಎಲ್ಲಿಂದ ಬಂತು ಮಿಸ್?’ ಅಂತ ಕೇಳಿದರು. ಪುಸ್ತಕದ ಸಾಲಿನಲ್ಲಿ ‘ಆಹಿಸ್ತಾ’ ಬರೆದೆವು. ಆ ಹುಡುಗಿ ಮುಂದಿನ ವಾರ ಮನೆಯಿಂದ ಹದಿನೈದು ಮಾತು ಬರೆದುಕೊಂಡು ಬಂದಿದ್ದಳು, ಇಂಗ್ಲಿಷ್ ಅಕ್ಷರದಲ್ಲಿ. ಅಜ್ಜಿಗೆ ಫೋನ್ ಮಾಡಿ ಕೇಳಿದ್ದಳಂತೆ.

ಹಾಗಂತ ಪುಸ್ತಕದ ಉರ್ದು ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕೇ ಬೇಕು. ಓದು, ಪರೀಕ್ಷೆ, ಪತ್ರಿಕೆ ಎಲ್ಲ ಅದರಲ್ಲೇ ಇರೋದು. ಆದರೆ ಮಗನಿಗೆ ವ್ಯತ್ಯಾಸ ತೋರಿಸಿ ಕಲಿಸಬೇಕು, ಮಾತಿಗೊಂದು ತಪ್ಪು ಅಂದರೆ ಬಾಯಿ ಕಟ್ಟಿಹೋಗುತ್ತದೆ. ಉದಾಹರಣೆಗೆ ನಾವು ‘ಮೈಂ ರೋಟಿ ಖಾಯಾ’ ಅನ್ನುತ್ತೇವೆ. ಪುಸ್ತಕದಲ್ಲಿ ‘ಮೈಂನೇ ರೋಟಿ ಖಾಯೀ’. ಅಲ್ಲಿ ‘ನೇ’ ಬಂತು, ರೋಟಿ ಸ್ತ್ರೀಲಿಂಗ ಅಂತ ಕ್ರಿಯಾಪದವೂ ಅದಕ್ಕೆ ತಕ್ಕಂತೆ ‘ಖಾಯೀ’ ಆಯಿತು. ನಾವು ‘ಕಿತಾಬಾಂ, ಬಾತಾಂ’ ಅಂದರೆ ಅವರು ‘ಕಿತಾಬೇಂ, ಬಾತೇಂ’ ಅನ್ನುತ್ತಾರೆ. ದಖನಿ ಮನೆಯ ಮಕ್ಕಳಿಗೆ ಪರೀಕ್ಷೆಯಲ್ಲಿ ಮಾರ್ಕು ಹೋಗೋದು ಹೆಚ್ಚಾಗಿ ಇಂಥ ಕಡೆಗಳಲ್ಲೇ. ವಾರಕ್ಕೊಂದರಂತೆ ಹಿಡಿದರೆ ಒಂದು ವರ್ಷದಲ್ಲಿ ಮುಗಿಯುವ ಕೆಲಸ.

ಟೀಚರ್ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಶನಿವಾರದ ಕ್ಲಾಸು ನಡೆಸುವವರಲ್ಲಿ ಬಹಳ ಜನಕ್ಕೆ ಸಂಬಳ ಇಲ್ಲ, ಇದ್ದರೂ ಬಸ್ ಚಾರ್ಜಿಗೆ ಆಗುವಷ್ಟು. ಐದು ವರ್ಷದವರಿಂದ ಹದಿಮೂರು ವರ್ಷದವರವರೆಗೆ ಒಂದೇ ಕೋಣೆ. ತಾವು ಚಿಕ್ಕವರಿದ್ದಾಗ ಹೇಗೆ ಕಲಿತರೋ ಹಾಗೇ ಕಲಿಸುತ್ತಾರೆ. ಒಂದು ದಿನ ಹತ್ತು ನಿಮಿಷ ಮೊದಲೇ ಹೋಗಿ. ದೂರು ಹೇಳಬೇಡಿ. ‘ನಮ್ಮ ಮನೆಯದು ದಖನಿ, ಮಗನಿಗೆ ಪುಸ್ತಕದ ಉರ್ದು ಕಲಿಯುವ ಆಸೆ ಇದೆ, ಅವತ್ತು ಎಲ್ಲರೂ ನಕ್ಕಿದ್ದಕ್ಕೆ ಮುದುಡಿಕೊಂಡಿದ್ದಾನೆ’ ಅಂತ ಇದ್ದಿದ್ದು ಇದ್ದ ಹಾಗೆ ಹೇಳಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಟೀಚರುಗಳು ಕರಗುತ್ತಾರೆ. ಕರಗಲಿಲ್ಲ ಅಂದರೆ ಬೇರೆ ಕ್ಲಾಸು ಹುಡುಕಿ. ಬ್ರಾಡ್‌ಫರ್ಡ್‌ನಲ್ಲಿ ಉರ್ದು ಕ್ಲಾಸಿಗೆ ಬರವಿಲ್ಲ.

ಈಗ ಸ್ಕೂಲಿನವರ ಮಾತಿಗೆ ಬರೋಣ. ಮನೆಯಲ್ಲಿ ಇಂಗ್ಲಿಷ್ ಮಾತಾಡಿ ಅನ್ನೋ ಸಲಹೆ ಬಹಳ ಹಳೆಯದು. ಅದು ಸರಿಯಲ್ಲ ಅಂತ ಆ ದೇಶದವರೇ ಹೇಳಿ ಐವತ್ತು ವರ್ಷವಾಯಿತು. 1975ರಲ್ಲಿ ಸರ್ಕಾರಕ್ಕೆ ಸಲ್ಲಿಸಿದ ಬುಲಕ್ ವರದಿಯಲ್ಲೇ ಇದೆ: ಮನೆಯ ಭಾಷೆ, ಸಂಸ್ಕೃತಿಯನ್ನು ಸ್ಕೂಲಿನ ಹೊಸ್ತಿಲಲ್ಲಿ ಕಳಚಿಟ್ಟು ಒಳಗೆ ಬಾ ಅಂತ ಯಾವ ಮಗುವಿಗೂ ಹೇಳಬಾರದು ಅಂತ. ನಿಮ್ಮ ಬ್ರಾಡ್‌ಫರ್ಡ್‌ನಲ್ಲೇ 1978ರಿಂದ 1980ರವರೆಗೆ ಒಂದು ಪ್ರಯೋಗ ನಡೆಯಿತು. ಸ್ಕೂಲಿಗೆ ಆಗ ತಾನೇ ಸೇರಿದ ಪಂಜಾಬಿ ಮಾತಿನ ಮಕ್ಕಳಿಗೆ ದಿನದ ಅರ್ಧ ಮನೆಮಾತಿನಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಪಾಠ. ವರ್ಷದ ಕೊನೆಗೆ ನೋಡಿದರೆ ಆ ಮಕ್ಕಳು ಇಂಗ್ಲಿಷಿನಲ್ಲಿ ಹಿಂದೆ ಬಿದ್ದಿರಲಿಲ್ಲ, ಮನೆಮಾತು ಮಾತ್ರ ಗಟ್ಟಿಯಾಗಿತ್ತು. ಇಂಥ ಪ್ರಯೋಗ ಎಲ್ಲ ಸ್ಕೂಲಿಗೂ ಹಬ್ಬಬೇಕಿತ್ತು. ಹಬ್ಬಲಿಲ್ಲ. 1985ರಲ್ಲಿ ಸರ್ಕಾರಕ್ಕೆ ಬಂದ ಇನ್ನೊಂದು ವರದಿ, ಸ್ವಾನ್ ವರದಿ, ಮನೆಮಾತು ಉಳಿಸೋದು ಆಯಾ ಸಮುದಾಯದ ಕೆಲಸ ಅಂದಿತು. ದೊಡ್ಡ ತರಗತಿಗಳಲ್ಲಿ ಬೇಕಾದರೆ ಇತರ ವಿದೇಶಿ ಭಾಷೆಗಳ ಜೊತೆ ಕಲಿಸಬಹುದು ಅಂತ ಬಾಗಿಲು ಸ್ವಲ್ಪ ತೆರೆದಿಟ್ಟಿತು. ಉರ್ದು ಶನಿವಾರಕ್ಕೆ ಸರಿದು ಅಲ್ಲೇ ಉಳಿದದ್ದು ಹೀಗೆ. ನನಗೆ ಇವತ್ತಿಗೂ ಇದರ ಬಗ್ಗೆ ಬೇಜಾರಿದೆ.

ಸ್ಕೂಲಿನವರು ಯಾಕೆ ಹಾಗೆ ಹೇಳಿದರು ಅಂತಲೂ ಕೇಳಿ ತಿಳಿದುಕೊಳ್ಳಿ. ಬಯಲಲ್ಲಿ ಆಡುವಾಗ, ಗೆಳೆಯರ ಜೊತೆ ಮಾತಾಡುವಾಗ ಬೇಕಾಗುವ ಇಂಗ್ಲಿಷ್ ಒಂದೆರಡು ವರ್ಷದಲ್ಲಿ ಬರುತ್ತದೆ. ವಿಜ್ಞಾನದ ಪಾಠ, ಪ್ರಬಂಧ, ಲೆಕ್ಕದ ವಾಕ್ಯಗಳಿಗೆ ಬೇಕಾಗುವ ಇಂಗ್ಲಿಷ್ ಬರೋಕೆ ಐದರಿಂದ ಏಳು ವರ್ಷ ಹಿಡಿಯುತ್ತದೆ. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ಇದನ್ನು ಎತ್ತಿ ತೋರಿಸಿದವರು. ನೀವು ಹೋಗಿ ನಾಲ್ಕು ವರ್ಷವಾಗಿದೆ. ಅಂದರೆ ನಿಮ್ಮ ಮಗ ಇರಬೇಕಾದ ಜಾಗದಲ್ಲೇ ಇದ್ದಾನೆ. ಒಂದು ಭಾಷೆಯಲ್ಲಿ ಚೆನ್ನಾಗಿ ವಿವರಿಸೋಕೆ, ಕಾರಣ ಕೊಡೋಕೆ, ಕತೆ ಕಟ್ಟೋಕೆ ಕಲಿತ ಮಗು ಅದನ್ನು ಇನ್ನೊಂದು ಭಾಷೆಗೂ ಒಯ್ಯುತ್ತದೆ ಅನ್ನೋದೂ ಕಮಿನ್ಸ್ ಅವರದೇ ಮಾತು. ನಿಮಗೆ ಸಲೀಸಾಗಿ ಬರುವ ದಖನಿ ಬಿಟ್ಟು ಅರೆಬರೆ ಇಂಗ್ಲಿಷಿನಲ್ಲಿ ‘ಈಟ್, ಸ್ಲೀಪ್, ಹೋಮ್‌ವರ್ಕ್’ ಅಂತ ಮಾತಾಡಿದರೆ ಮಕ್ಕಳಿಗೆ ಇಂಗ್ಲಿಷೂ ಸಿಗಲ್ಲ, ನೀವೂ ಸಿಗಲ್ಲ.

ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಇಎಎಲ್ ಟೀಚರನ್ನು ಕೇಳಿ. ಇಂಗ್ಲಿಷ್ ಎರಡನೆಯ ಭಾಷೆಯಾಗಿರುವ ಮಕ್ಕಳನ್ನು ನೋಡಿಕೊಳ್ಳೋದು ಅವರ ಕೆಲಸ. ‘ಮಗನಿಗೆ ಓದಿದ್ದು ಅರ್ಥವಾಗುತ್ತಿಲ್ಲವಾ, ಬರೆಯೋಕೆ ಕಷ್ಟವಾ, ಕ್ಲಾಸಲ್ಲಿ ಮಾತಾಡಲ್ಲವಾ?’ ಅಂತ ಬಿಡಿಸಿ ಕೇಳಿ. ಮುಂದಿನ ವಾರದ ಪಾಠ ಯಾವುದು ಅಂತ ಮೊದಲೇ ತಿಳಿದುಕೊಳ್ಳಿ. ಜ್ವಾಲಾಮುಖಿಯ ಪಾಠ ಇದ್ದರೆ ಮನೆಯಲ್ಲಿ ದಖನಿಯಲ್ಲೇ ಜ್ವಾಲಾಮುಖಿ ಬಗ್ಗೆ ಮಾತಾಡಿ. ವಿಷಯ ತಲೆಯಲ್ಲಿ ಕೂತಿದ್ದರೆ ಸ್ಕೂಲಿನಲ್ಲಿ ಇಂಗ್ಲಿಷ್ ಪದ ಮಾತ್ರ ಹೊಸದು.

ಇನ್ನೊಂದು ವಿಷಯ ಬಹಳ ಪೋಷಕರಿಗೆ ಗೊತ್ತಿಲ್ಲ. ಇಂಗ್ಲೆಂಡಿನ ಕೌನ್ಸಿಲ್ ನಡೆಸುವ ಸ್ಕೂಲುಗಳಲ್ಲಿ 2014ರಿಂದ ಏಳರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಒಂದು ಬೇರೆ ಭಾಷೆ ಕಲಿಸಲೇಬೇಕು ಅಂತ ನಿಯಮವಿದೆ. ಯಾವ ಭಾಷೆ ಅನ್ನೋದು ಸ್ಕೂಲಿಗೆ ಬಿಟ್ಟಿದ್ದು. ಉರ್ದು ಕೂಡ ಆಗಬಹುದು. ಹೆಚ್ಚಿನ ಸ್ಕೂಲುಗಳು ಫ್ರೆಂಚ್ ಆರಿಸಿಕೊಳ್ಳುತ್ತವೆ, ಯಾಕೆಂದರೆ ಟೀಚರುಗಳಿಗೆ ಅಷ್ಟೋ ಇಷ್ಟೋ ಬರೋದು ಅದೇ. ಪೋಷಕರು ಒಟ್ಟಿಗೆ ಹೋಗಿ ಕೇಳೋದರಲ್ಲಿ ತಪ್ಪಿಲ್ಲ. ಕೇಳಿದರೆ ಆಗುತ್ತದೆ ಅನ್ನೋದಕ್ಕೆ ಹತ್ತಿರದ ಉದಾಹರಣೆಯೂ ಇದೆ. 2015ರಲ್ಲಿ ಪರೀಕ್ಷಾ ಬೋರ್ಡುಗಳು ಬಂಗಾಳಿ, ಪಂಜಾಬಿ, ಗುಜರಾತಿಯಂಥ ಭಾಷೆಗಳ ಪರೀಕ್ಷೆ ನಿಲ್ಲಿಸುತ್ತೇವೆ ಅಂದಾಗ ಸಮುದಾಯದವರು, ಟೀಚರುಗಳು ಸೇರಿ ಗಟ್ಟಿಯಾಗಿ ದನಿ ಎತ್ತಿದರು. ಮರುವರ್ಷ ಸರ್ಕಾರ ಆ ಪರೀಕ್ಷೆಗಳನ್ನು ಉಳಿಸಿಕೊಂಡಿತು.

ನಿಮ್ಮ ಮಗನಿಗೆ ಹನ್ನೊಂದಾದ ಮೇಲೆ ಸೆಕೆಂಡರಿ ಸ್ಕೂಲು. ಅರ್ಜಿ ಹಾಕೋಕೆ ಕೊನೆಯ ದಿನ ಅಕ್ಟೋಬರ್ 31. ಅದಕ್ಕೆ ಮೊದಲು ಸ್ಕೂಲುಗಳು ಓಪನ್ ಡೇ ಇಟ್ಟಿರುತ್ತವೆ. ಹೋದಾಗ ಮರೆಯದೆ ಕೇಳಿ: ಟೈಮ್‌ಟೇಬಲ್‌ನಲ್ಲಿ ಉರ್ದು ಇದೆಯಾ? ಜಿಸಿಎಸ್‌ಇಗೆ ಉರ್ದು ತೆಗೆದುಕೊಳ್ಳಬಹುದಾ? (ಅದು ಹದಿನಾರು ವರ್ಷದ ಹೊತ್ತಿಗೆ ಬರೆಯುವ ಪರೀಕ್ಷೆ, ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ.) ಉರ್ದು ಜಿಸಿಎಸ್‌ಇ ಫ್ರೆಂಚ್, ಜರ್ಮನ್ ಪರೀಕ್ಷೆಯ ಸಮ. ಕೇಳೋದು, ಮಾತಾಡೋದು, ಓದೋದು, ಬರೆಯೋದು ನಾಲ್ಕಕ್ಕೂ ಕಾಲು ಕಾಲು ಭಾಗ ಅಂಕ. ಹೊರಗಿನಿಂದ ಪರೀಕ್ಷೆಗೆ ಕೂರಿಸೋದಾದರೆ ಮಾತಿನ ಪರೀಕ್ಷೆ ಯಾರು ನಡೆಸುತ್ತಾರೆ ಅಂತ ವರ್ಷದ ಶುರುವಿನಲ್ಲೇ ಖಚಿತ ಮಾಡಿಕೊಳ್ಳಿ. ಅದಕ್ಕೆ ಉರ್ದು ಬಲ್ಲವರೇ ಬೇಕು. ಇದೊಂದು ಕಾರಣಕ್ಕೆ ಕೊನೆಗಳಿಗೆಯಲ್ಲಿ ಪರೀಕ್ಷೆ ಬಿಟ್ಟ ಮಕ್ಕಳನ್ನು ನಾನು ನೋಡಿದ್ದೇನೆ. ಮನೆಮಾತೇ ತಾನೇ, ಸುಮ್ನೆ ಹೋಗಿ ಕೂತರೆ ಸಾಕು ಅಂದುಕೊಳ್ಳಬೇಡಿ. ಇಂಗ್ಲಿಷಿನಿಂದ ಉರ್ದುಗೆ ಅನುವಾದ ಮಾಡಬೇಕು, ಕಾಗುಣಿತ ತಪ್ಪಿಲ್ಲದೆ ಬರೆಯಬೇಕು.

ಕಾಗುಣಿತ ಅಂದೆನಲ್ಲ, ಲಿಪಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಕನ್ನಡದಲ್ಲಿ ಹೇಳಿದ ಹಾಗೆ ಬರೆಯುತ್ತೇವೆ. ಉರ್ದುವಿನಲ್ಲಿ ಹಾಗಲ್ಲ. ಅ, ಇ, ಉ ಹ್ರಸ್ವಗಳನ್ನು ಸಾಮಾನ್ಯವಾಗಿ ಬರೆಯೋದೇ ಇಲ್ಲ. ‘ಇಸ್’ ಅಂದರೂ ‘ಉಸ್’ ಅಂದರೂ ಅಲಿಫ್, ಸೀನ್ ಎರಡೇ ಅಕ್ಷರ. ‘ಪಲ್’ ಅಂದರೆ ಕ್ಷಣ, ‘ಪುಲ್’ ಅಂದರೆ ಸೇತುವೆ, ಬರೆದರೆ ಎರಡೂ ಒಂದೇ. ‘ಸ’ಗೆ ಮೂರು ಅಕ್ಷರ, ‘ಜ಼’ಗೆ ನಾಲ್ಕು. ಒಂದೇ ಅಕ್ಷರ ಪದದ ಮೊದಲಲ್ಲಿ ಒಂದು ರೂಪ, ನಡುವೆ ಒಂದು ರೂಪ, ಕೊನೆಗೆ ಇನ್ನೊಂದು. ಅಂದರೆ ಪದ ಮೊದಲೇ ಕಿವಿಗೆ ಗೊತ್ತಿದ್ದವರಿಗೆ ಮಾತ್ರ ಉರ್ದು ಓದು ಸುಲಭ. ‘ಪುಲ್ ಪರ್ ಗಾಡಿ’ ಅಂತ ಮನೆಯಲ್ಲಿ ಕೇಳಿದ ಮಗು ಅದನ್ನು ‘ಪಲ್’ ಅಂತ ಓದಲ್ಲ. ಮನೆಯ ಮಾತು ನಿಲ್ಲಿಸಬೇಡಿ ಅಂತ ನಾನು ಇಷ್ಟು ಒತ್ತಿ ಹೇಳೋದಕ್ಕೆ ಇದೂ ಒಂದು ಕಾರಣ.

ಮಕ್ಕಳು ಮಸೀದಿಯಲ್ಲಿ ಕುರಾನ್ ಓದೋಕೆ ಹೋಗುತ್ತಿದ್ದರೆ ಅರ್ಧ ದಾರಿ ಮುಗಿದಂತೆ. ಆದರೆ ಅಲ್ಲಿನ ಅರಬಿ ಬರಹದಲ್ಲಿ ಸ್ವರಚಿಹ್ನೆಗಳೆಲ್ಲ ಇರುತ್ತವೆ, ಅಕ್ಷರಗಳು ಗೆರೆಯ ಮೇಲೆ ನೇರವಾಗಿ ಕೂರುತ್ತವೆ. ಉರ್ದುವಿನ ನಸ್ತಾಲೀಕ್ ಬರಹ ಬಲದಿಂದ ಎಡಕ್ಕೆ ಜಾರುತ್ತಾ ಇಳಿಯುತ್ತದೆ. ಪೇ, ಚೇ, ಗಾಫ್, ಟೇ, ಡಾಲ್ ಇವು ಅರಬಿಯಲ್ಲಿ ಇಲ್ಲ. ಮಗಳಿಗೆ ಈ ಹೊಸ ಅಕ್ಷರಗಳನ್ನೇ ಮೊದಲು ಆಟದ ಹಾಗೆ ತೋರಿಸಿ. ಮೊದಲ ವರ್ಷ ಸ್ವರಚಿಹ್ನೆ ಇರುವ ಪುಸ್ತಕವನ್ನೇ ಕೊಡಿ.

ಲೈಬ್ರರಿಯಲ್ಲಿ ಇಂಗ್ಲಿಷ್ ಉರ್ದು ಎರಡೂ ಇರುವ ಕತೆ ಪುಸ್ತಕ ಸಿಗುತ್ತವೆ. ತರುವ ಮೊದಲು ಸ್ವಲ್ಪ ನೋಡಿ. ಎಷ್ಟೋ ಪುಸ್ತಕಗಳಲ್ಲಿ ಇಂಗ್ಲಿಷ್ ದಪ್ಪ ಅಕ್ಷರದಲ್ಲಿ ಮೇಲಿರುತ್ತದೆ, ಉರ್ದು ಕೆಳಗೆ ಸಣ್ಣದಾಗಿ ತುರುಕಿರುತ್ತದೆ. 1980ರ ದಶಕದವರೆಗೆ ಉರ್ದು ಪುಸ್ತಕ ಅಂದರೆ ಹೆಚ್ಚಾಗಿ ಕಾತಿಬರು, ಅಂದರೆ ಬರೆಯೋದೇ ಕಸುಬಾದವರು, ಕೈಯಲ್ಲಿ ಬರೆದದ್ದೇ. 1981ರಲ್ಲಿ ನೂರಿ ನಸ್ತಾಲೀಕ್ ಅನ್ನೋ ಕಂಪ್ಯೂಟರ್ ಫಾಂಟ್ ಬಂದ ಮೇಲೆ ಕಂಪ್ಯೂಟರಿನಲ್ಲಿ ಜೋಡಿಸೋದು ಶುರುವಾಯಿತು. ಹಳೆಯ ಪುಸ್ತಕಗಳಲ್ಲಿ ಇಂಗ್ಲಿಷ್ ಅಚ್ಚಾಗಿ, ಉರ್ದು ಕೈಬರಹವಾಗಿ ಅಕ್ಕಪಕ್ಕ ಇರೋದು ಅದಕ್ಕೇ. ಒಂದು ಸಲ ಆರು ವರ್ಷದ ಹುಡುಗಿಯೊಬ್ಬಳು ಅಂಥ ಪುಟ ತೋರಿಸಿ ‘ಇದು ಪುಸ್ತಕದವರು ಬರೆದದ್ದು, ಇದು ಯಾರೋ ಆಮೇಲೆ ಬರೆದದ್ದು’ ಅಂದಳು. ಮಕ್ಕಳ ಕಣ್ಣಿಗೆ ಎಲ್ಲ ಕಾಣುತ್ತದೆ. ಉರ್ದು ದೊಡ್ಡದಾಗಿ, ಸ್ಪಷ್ಟವಾಗಿ, ಬಲದಿಂದ ತೆರೆಯುವ ಪುಸ್ತಕ ಸಿಕ್ಕರೆ ಎರಡೇ ಆದರೂ ಕೊಂಡುಕೊಳ್ಳಿ.

ಕೊನೆಗೆ ನಿಮ್ಮ ಕನ್ನಡ. ಬಿಡಬೇಡಿ. ಕನ್ನಡಕ್ಕೆ ಜಿಸಿಎಸ್‌ಇ ಇಲ್ಲ. ಪರೀಕ್ಷೆಯ ಭಯ ಇಲ್ಲದ ಭಾಷೆ ಮನೆಯಲ್ಲಿ ಒಂದಿರೋದು ಒಳ್ಳೆಯದೇ. ನೀವು ಗಮನಿಸದ ಒಂದು ಸಂಗತಿ ನಿಮ್ಮ ಪತ್ರದಲ್ಲೇ ಇದೆ. ನಿಮ್ಮ ಮನೆಯಲ್ಲಿ ಸಲೀಸಾಗಿ ಓದು ಬರಹ ಇರುವ ಭಾರತದ ಭಾಷೆ ಅಂದರೆ ಕನ್ನಡವೇ. ಅಮ್ಮ ಖುಷಿಯಿಂದ ಪುಸ್ತಕ ಓದೋದನ್ನು ಮಕ್ಕಳು ನೋಡಬೇಕು, ಅದು ಯಾವ ಭಾಷೆಯದಾದರೂ ಸರಿ. ರಾತ್ರಿ ಮಲಗುವಾಗ ಕನ್ನಡದ ಕತೆ ಪುಸ್ತಕ ಹಿಡಿದು ಒಂದೊಂದು ವಾಕ್ಯ ಕನ್ನಡದಲ್ಲಿ ಓದಿ, ಹಿಂದೆಯೇ ದಖನಿಯಲ್ಲಿ ಹೇಳಿ. ಎರಡೂ ಎಷ್ಟು ಹತ್ತಿರ ಅಂತ ಮಕ್ಕಳಿಗೇ ಗೊತ್ತಾಗುತ್ತದೆ. ‘ಬರ್ತೀನಿ ಅಂತ ಹೇಳಿದ’ ಅನ್ನೋದನ್ನು ನಾವು ‘ಆತೂಂ ಬೋಲ್ಕೆ ಬೋಲ್ಯಾ’ ಅನ್ನುತ್ತೇವೆ. ಆ ‘ಬೋಲ್ಕೆ’ ಇದೆಯಲ್ಲ, ಅದು ನಮ್ಮ ‘ಅಂತ’ ಇರುವ ಜಾಗದಲ್ಲೇ ಕೂತಿದೆ. ದೆಹಲಿ ಉರ್ದುವಿನಲ್ಲಿ ‘ಕಿ’ ಬಂದು ವಾಕ್ಯವೇ ತಿರುಗುತ್ತದೆ. ಕನ್ನಡದವರ ನಡುವೆ ನೂರಾರು ವರ್ಷ ಬಾಳಿದ ಗುರುತು ದಖನಿಯಲ್ಲಿ ಹೀಗೆ ಉಳಿದಿದೆ. ಮಗನಿಗೆ ಇದನ್ನು ತೋರಿಸಿ, ಕಣ್ಣರಳಿಸುತ್ತಾನೆ. ಕನ್ನಡ ಅಕ್ಷರಕ್ಕೆ ಈಗಲೇ ಅವಸರ ಬೇಡ. ಉರ್ದು ಓದು ಒಂದು ಹದಕ್ಕೆ ಬರಲಿ. ಹುಬ್ಬಳ್ಳಿಯ ಅಕ್ಕಪಕ್ಕದವರಿಗೆ ವಾರಕ್ಕೊಮ್ಮೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡಿದರೆ ಈ ವರ್ಷಕ್ಕೆ ಸಾಕು.

ಈ ಶನಿವಾರ ಮಗನನ್ನು ಬಲವಂತ ಮಾಡಿ ಕಳಿಸಬೇಡಿ. ಮನೆಯಲ್ಲೇ ಒಂದು ನೋಟ್‌ಬುಕ್ ತೆಗೆದು ಮೂರು ಸಾಲು ಎಳೆಯಿರಿ. ‘ನಮ್ಮ ಮನೆ’ ಅನ್ನೋ ಸಾಲಿನಲ್ಲಿ ಅವನೇ ಹತ್ತು ಮಾತು ಬರೆಯಲಿ, ಯಾವ ಅಕ್ಷರದಲ್ಲಾದರೂ ಸರಿ. ‘ನಕ್ಕೋ’ ಇರಲಿ, ‘ಕಾಯ್ಕು’ ಇರಲಿ, ‘ಹೌ’ ಇರಲಿ. ‘ಪುಸ್ತಕ’ದ ಸಾಲು ಖಾಲಿ ಬಿಡಿ. ಮುಂದಿನ ಶನಿವಾರ ನೀವೂ ಜೊತೆಗೆ ಹೋಗಿ. ಆ ಖಾಲಿ ಸಾಲು ತುಂಬಿಸಿಕೊಡಿ ಅಂತ ಟೀಚರನ್ನು ಅವನೇ ಕೇಳಲಿ. ಸಾಧ್ಯವಾದರೆ ಹಿಂದಿನ ಬೆಂಚಿನಲ್ಲಿ ನೀವೂ ಒಂದು ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಅಲಿಫ್, ಬೇ, ಪೇ ಕಲಿಯೋಕೆ ನಿಮಗೂ ಇದೇ ಸರಿಯಾದ ಸಮಯ.